ಸುಣ್ಣ ಅವರಿಗೆ, ಮೈಲಿಗೆ ನಮಗೆ

ಕನ್ನಡದ ಪಂಡಿತರು ಸಿಂಪಿ ಅಂದ ಕೂಡಲೆ ಮುತ್ತು ಅನ್ನುತ್ತಾರೆ. ಸ್ವಾತಿ ಮಳೆಯ ಹನಿ ಬಿತ್ತು, ಸಿಂಪಿ ಬಾಯಿ ತೆರೆಯಿತು, ಹನಿ ಮುತ್ತಾಯಿತು ಎಂದು ಶಾಲೆಯಲ್ಲಿ ನಮಗೂ ಬಾಯಿಪಾಠ ಮಾಡಿಸಿದರು. ನಾವು ಕುಮಟಾ ತಾಲೂಕಿನ ಅಘನಾಶಿನಿ ಹೊಳೆಯ ದಂಡೆಯ ಕೂಲಿಯವರು. ಅಜ್ಜಿ ಮುತ್ತಜ್ಜಿಯರ ಕಾಲದಿಂದ ಸಿಂಪಿ ಒಡೆಯುತ್ತ ಬಂದಿದ್ದೇವೆ. ಒಬ್ಬರಿಗಾದರೂ ಒಂದು ಮುತ್ತು ಸಿಕ್ಕಿದ ಕತೆ ನಮ್ಮ ಕೇರಿಯಲ್ಲಿಲ್ಲ. ನಮಗೆ ಸಿಕ್ಕಿದ್ದು ಊಟ. ಮುತ್ತಿನ ಸಿಂಪಿಯ ಕುಲ ಬೇರೆ, ಅದಿರುವುದು ಮನ್ನಾರ್ ಕೊಲ್ಲಿಯಂಥ ಕಡಲಿನ ತಳದಲ್ಲಿ. ನಮ್ಮದು ಹಿನ್ನೀರಿನ ಕಲ್ಲಿಗೆ, ಕಟ್ಟೆಗೆ, ಸೇತುವೆಯ ಕಂಬಕ್ಕೆ, ಕಾಂಡ್ಲಾ ಗಿಡದ ಬೇರಿಗೆ ಅಂಟಿಕೊಂಡು ಬೆಳೆಯುವ ಒರಟು ಸಿಂಪಿ. ಸಿಂಪಿಯೊಳಗೂ ಜಾತಿ ಉಂಟು ನೋಡಿ. ಒಂದಕ್ಕೆ ಕಾವ್ಯ, ಇನ್ನೊಂದಕ್ಕೆ ಮೂಗು ಮುಚ್ಚುವುದು.

ಹೆಸರಿನ ಮಾತು ಮೊದಲು ಮುಗಿಸಿಬಿಡೋಣ. ಕೊಂಕಣಿಯವರು ಇದಕ್ಕೆ ಕಾಲ್ವ ಅನ್ನುತ್ತಾರೆ. ಮಣ್ಣಿನಲ್ಲಿ ಹೂತಿರುವುದು ಬಳಚು, ಕಡಲಿನ ಬಂಡೆಯ ಮೇಲಿನದು ನೀಲಿಕಲ್ಲು. ನಮ್ಮ ಬಾಯಲ್ಲಿ ಎಲ್ಲವೂ ಸೇರಿ ಚಿಪ್ಪಿಕಲ್ಲು. ಇಲ್ಲಿ ನಾವು ಹೇಳಹೊರಟಿದ್ದು ಕಲ್ಲಿಗೆ ಕಚ್ಚಿಕೊಂಡ ಸಿಂಪಿಯ ವಿಚಾರ.

ಕೇರಿಯವರಿಗೆ ದೋಣಿಯಿಲ್ಲ, ಬಲೆಯಿಲ್ಲ, ಗದ್ದೆಯಂತೂ ಇಲ್ಲವೇ ಇಲ್ಲ. ದೋಣಿ ಇದ್ದವನು ಮೀನು ಹಿಡಿಯುತ್ತಾನೆ, ಗದ್ದೆ ಇದ್ದವನು ಭತ್ತ ಕೊಯ್ಯುತ್ತಾನೆ. ಸಿಂಪಿಗೆ ಎರಡು ಕಾಲು, ಒಂದು ಕತ್ತಿ, ಒಂದು ಬುಟ್ಟಿ ಸಾಕು. ಹೊಳೆ ಯಾರ ಪಹಣಿಯಲ್ಲೂ ಇಲ್ಲ. ನೀರು ಇಳಿದ ಮೇಲೆ ನಾಲ್ಕು ತಾಸು ಆ ಕೆಸರು ಯಾರ ಜಮೀನೂ ಅಲ್ಲ. ಅಷ್ಟು ಹೊತ್ತು ಅದು ನಮ್ಮದು. ಕೂಲಿ ಸಿಗದ ದಿನ, ಒಡೆಯರು ಪಾವು ಅಕ್ಕಿ ಕಡ ಕೊಡದ ದಿನ ನಮ್ಮ ಒಲೆ ಉರಿದದ್ದು ಈ ನಾಲ್ಕು ತಾಸಿನಿಂದ. ಭೂಮಿಯಿಲ್ಲದವರಿಗೆ ಅಡವಿಟ್ಟುಕೊಳ್ಳದೆ ಉಣ್ಣಲು ಕೊಟ್ಟ ಒಬ್ಬಳೇ ಒಬ್ಬಳು ಸಾಹುಕಾರ್ತಿ ಅಂದರೆ ಈ ಹೊಳೆ.

ಅಮಾಸೆ ಹುಣ್ಣಿಮೆಯ ಆಚೀಚೆ ಇಳಿತ ಜೋರು. ನಸುಕಿನಲ್ಲಿ ನೀರು ಬಹಳ ಕೆಳಗೆ ಹೋಗುತ್ತದೆ. ಹೆಂಗಸರು ಸೀರೆ ಎತ್ತಿ ಕಚ್ಚೆ ಹಾಕಿ, ಹಳೆ ಅಂಗಿಯ ಚಿಂದಿಯನ್ನು ಎಡಗೈಗೆ ಸುತ್ತಿಕೊಂಡು ಇಳಿಯುತ್ತಾರೆ. ಸಿಂಪಿಯ ಅಂಚು ಕ್ಷೌರದ ಬ್ಲೇಡಿನಂತೆ. ಕಾಲು ಜಾರಿದರೆ ಮೊಣಕಾಲಿನ ತನಕ ಸೀಳುತ್ತದೆ, ಆ ಗಾಯ ಉಪ್ಪುನೀರಿನಲ್ಲಿ ಬೇಗ ಮಾಯುವುದೂ ಇಲ್ಲ. ನಮ್ಮ ಅವ್ವಂದಿರ ಪಾದ ನೋಡಿದರೆ ಸಾಕು, ಯಾವ ವರ್ಷ ಎಷ್ಟು ಬರಗಾಲ ಇತ್ತೆಂದು ಲೆಕ್ಕ ಹೇಳಬಹುದು. ಕತ್ತಿಯ ಹಿಂಬದಿಯಿಂದ ಒಂದು ಪೆಟ್ಟು, ತುದಿಯಿಂದ ಒಂದು ಮೀಟು. ಕಲ್ಲಿನಿಂದ ಕಿತ್ತು ಬರುತ್ತದೆ. ಚಿಕ್ಕದನ್ನು ಕೀಳಬಾರದು. ಹಾಗಂತ ಯಾವ ಕಾನೂನು ಪುಸ್ತಕವನ್ನೂ ನಾವು ಓದಿ ಕಲಿತದ್ದಲ್ಲ. ಈ ವರ್ಷ ಕಿತ್ತರೆ ಬರುವ ವರ್ಷ ಉಣ್ಣುವುದೇನು?

ಮಳೆಗಾಲದಲ್ಲಿ ಇಳಿಯುವುದಿಲ್ಲ. ಘಟ್ಟದ ನೀರು ಕೆಂಪಗೆ ಬಂದು ಹಿನ್ನೀರು ಸಿಹಿಯಾಗುತ್ತದೆ, ಸಿಂಪಿ ಬಾಯಿ ಬಿಗಿದು ಬಡವಾಗುತ್ತದೆ, ನೆರೆ ಹೆಚ್ಚು ದಿನ ನಿಂತರೆ ಸತ್ತೂ ಹೋಗುತ್ತದೆ. ದೀಪಾವಳಿ ಕಳೆದ ಮೇಲೆ ನೀರಿಗೆ ಉಪ್ಪು ಏರುತ್ತದೆ. ಅಷ್ಟು ಹೊತ್ತಿಗೆ ಗಜನಿ ಗದ್ದೆಯಲ್ಲಿ ಕಗ್ಗದ ಕೊಯ್ಲೂ ಮುಗಿದಿರುತ್ತದೆ. ಕಗ್ಗ ಅಂದರೆ ಉಪ್ಪುನೀರು ನುಗ್ಗಿದರೂ ಸಾಯದ ಭತ್ತ. ಉಪ್ಪಿಗೆ ಜಗ್ಗದ ಅಕ್ಕಿ, ಉಪ್ಪಿನಲ್ಲೇ ಕೊಬ್ಬಿದ ಸಿಂಪಿ. ಇವೆರಡೂ ಒಂದೇ ತಟ್ಟೆಗೆ ಬರುವ ದಿನ ನಮ್ಮ ಹಬ್ಬ. ಪಂಚಾಂಗದಲ್ಲಿ ಅದು ಇರುವುದಿಲ್ಲ.

ಬುಟ್ಟಿ ಮನೆಗೆ ಬಂದ ಮೇಲಿನ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅಡುಗೆಯನ್ನು ಯಾರೂ ಬರೆದಿಟ್ಟಿಲ್ಲ. ಪಾಕಶಾಸ್ತ್ರದ ಪುಸ್ತಕ ಬರೆದವರು ನಮ್ಮ ಅಂಗಳಕ್ಕೆ ಕಾಲಿಟ್ಟವರಲ್ಲ.

ಮೊದಲು ಕೆಸರು ತೊಳೆಯುವುದು. ಕೈಯಿಂದ ತಿಕ್ಕಿದರೆ ಕೈ ಹೋಗುತ್ತದೆ, ತೆಂಗಿನ ಸಿಪ್ಪೆಯಿಂದ ತಿಕ್ಕಬೇಕು. ಆಮೇಲೆ ಒಂದೊಂದನ್ನೇ ಇನ್ನೊಂದಕ್ಕೆ ಬಡಿದು ನೋಡುವುದು. ಕಲ್ಲಿಗೆ ಕಲ್ಲು ಬಡಿದ ಹಾಗೆ ಗಟ್ಟಿ ಸದ್ದು ಬಂದರೆ ಒಳಗೆ ಜೀವವಿದೆ, ನೀರಿದೆ. ಟೊಳ್ಳು ಸದ್ದು ಬಂದರೆ ಆಚೆಗೆ. ಬಾಯಿ ಬಿಟ್ಟುಕೊಂಡಿದ್ದು ತಟ್ಟಿದರೂ ಮುಚ್ಚದಿದ್ದರೆ ಅದೂ ಆಚೆಗೆ. ಕೇರಿಯ ದೊಡ್ಡವ್ವ ಹೊಸದಾಗಿ ಬಂದ ಸೊಸೆಯಂದಿರಿಗೆ ಹೇಳಿಕೊಡುವ ಮೊದಲ ಪಾಠವೇ ಇದು: "ಬಾಯಿ ಮುಚ್ಚಿಕಂಡಿದ್ದು ಬದುಕಿದ್ದದ್ದು ತಂಗೀ, ಬಾಯಿ ಬಿಟ್ಟದ್ದು ಸತ್ತದ್ದು. ಆಸೆಗೆ ಬಿದ್ದು ಒಂದು ಸತ್ತದ್ದನ್ನ ಹಾಕದ್ಯೋ, ಮನಿ ಮಂದಿಯೆಲ್ಲಾ ಹೊಟ್ಟೆ ಹಿಡ್ಕಂಡು ಕೂರ್ತ್ರು." ಮನುಷ್ಯರ ವಿಷಯದಲ್ಲಿ ಈ ಲೆಕ್ಕ ತಿರುಗಾಮುರುಗ ಎಂದು ನಾವು ಚಳವಳಿಗೆ ಬಂದ ಮೇಲೆ ಕಲಿತೆವು.

ಹಸಿಯಲ್ಲೇ ಒಡೆಯುವುದು ಕೈಚಳಕದ ಕೆಲಸ. ಸಿಂಪಿಗೆ ಎರಡು ಚಿಪ್ಪು. ಕೆಳಗಿನದು ಬಟ್ಟಲಿನಂತೆ ಕುಳಿ, ಮೇಲಿನದು ಚಪ್ಪಟೆ ಮುಚ್ಚಳ. ಚೂಪಾದ ಕಡೆ ಎರಡೂ ಸೇರುವಲ್ಲಿ ಕೀಲು. ಬಟ್ಟಲಿನ ಭಾಗ ಕೆಳಗಾಗುವಂತೆ ಚಿಂದಿ ಸುತ್ತಿದ ಕೈಯಲ್ಲಿ ಹಿಡಿದು, ಕೀಲಿನ ಸಂದಿಗೆ ಗಿಡ್ಡ ಕಬ್ಬಿಣದ ತುದಿ ಊರಿ, ಬಲ ಹಾಕದೆ ಒತ್ತಿ ತಿರುಚಬೇಕು. ಈಗ ಕೆಲವರು ಹಳೆ ಸ್ಕ್ರೂ ಡ್ರೈವರ್ ಇಟ್ಟುಕೊಂಡಿದ್ದಾರೆ, ಅದು ಇನ್ನೂ ಚಲೋ. ಟಕ್ ಅಂತ ಸಣ್ಣ ಸದ್ದು. ಆಗ ತುದಿಯನ್ನು ಮೇಲಿನ ಮುಚ್ಚಳಕ್ಕೆ ತಾಗಿಸಿಕೊಂಡೇ ಒಳಗೆ ಎಳೆದರೆ ಎರಡೂ ಚಿಪ್ಪನ್ನು ಬಿಗಿಹಿಡಿದ ಸ್ನಾಯು ಕಡಿಯುತ್ತದೆ. ಮುಚ್ಚಳ ತಾನೇ ಏಳುತ್ತದೆ. ಬಲ ಉಳ್ಳವರೆಂದು ಗಂಡಸರು ಈ ಕೆಲಸಕ್ಕೆ ಕೂತರೆ ಚಿಪ್ಪು ಪುಡಿಯಾಗಿ ಮಾಂಸಕ್ಕೆಲ್ಲ ಹರಳು ಸೇರುತ್ತದೆ. ಆದ್ದರಿಂದ ಹೆಂಗಸರು ಅವರನ್ನು ಎಬ್ಬಿಸಿ ಕಳಿಸುತ್ತಾರೆ. ಒಳಗಿನ ನೀರನ್ನು ಚೆಲ್ಲಬಾರದು. ಬಟ್ಟೆಯಲ್ಲಿ ಸೋಸಿ ಇಟ್ಟರೆ ಸಾರಿಗೆ ಬೇರೆ ಉಪ್ಪು ಬೇಡ. ಉಪ್ಪಿಗೂ ಕಾಸು ಎಣಿಸುತ್ತಿದ್ದ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಅದೂ ಸಾಣಿಕಟ್ಟೆಯ ಉಪ್ಪಿನ ಆಗರ ಎದುರಿಗೇ ಇದ್ದೂ, ಅಲ್ಲಿ ಬಿಸಿಲಿಗೆ ಬೆಂದು ಉಪ್ಪು ಎಳೆದವರು ನಮ್ಮಂಥವರೇ ಆಗಿದ್ದೂ!

ಮಕ್ಕಳಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅವರಿಗೆ ಸುಟ್ಟದ್ದೇ ಬೇಕು. ತೆಂಗಿನ ಚಿಪ್ಪು ಕಾಯಿಸಿಪ್ಪೆಯ ಕೆಂಡ ಮಾಡಿ, ಬಟ್ಟಲಿನ ಭಾಗ ಕೆಂಡದ ಮೇಲೆ ಕೂರುವಂತೆ ಇಟ್ಟರೆ ತುಸು ಹೊತ್ತಿಗೆ ಚುಸ್ ಅನ್ನುತ್ತ ಬಾಯಿ ತೆರೆಯುತ್ತದೆ. ತೆರೆದ ಮೇಲೂ ಒಂದಷ್ಟು ಹೊತ್ತು ತನ್ನ ನೀರಿನಲ್ಲೇ ಅದು ಕುದಿಯಬೇಕು. ಮಾಂಸದ ಅಂಚು ಸುರುಳಿಯಾಗಿ ಮುದುಡಿದಾಗ ತೆಗೆದು, ಊದಿ ಊದಿ, ಚಿಪ್ಪಿನಿಂದಲೇ ಬಾಯಿಗೆ. ಹೊಗೆಯ ವಾಸನೆ, ಸಮುದ್ರದ ಉಪ್ಪು, ಕೊನೆಗೆ ನಾಲಗೆಯ ಹಿಂಬದಿಯಲ್ಲಿ ಒಂದು ಸಿಹಿ. ಈ ಸಿಹಿಯನ್ನು ಹೇಗೆ ಹೇಳುವುದೋ ಗೊತ್ತಾಗುವುದಿಲ್ಲ. ಎಳೆ ಹಲಸಿನ ಬೀಜ ಸುಟ್ಟಾಗ ಬರುವ ಸಿಹಿಗೆ ಹತ್ತಿರ. ಎಷ್ಟು ಸುಟ್ಟರೂ ತೆರೆಯದೆ ಮೊಂಡು ಹಿಡಿದದ್ದನ್ನು ಒಡೆದು ತಿನ್ನಬಾರದು, ಬಿಸಾಡಬೇಕು.

ದೊಡ್ಡವರ ಊಟಕ್ಕೆ ಸುಕ್ಕ. ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ನಾಲ್ಕು ಕಾಳುಮೆಣಸು ಹುರಿದು, ಕಾಯಿತುರಿ ಅರಿಶಿನದ ಜೊತೆ ಕಲ್ಲಿನಲ್ಲಿ ತರಿತರಿಯಾಗಿ ಅರೆಯಬೇಕು. ಕೊಬ್ಬರಿ ಎಣ್ಣೆಯಲ್ಲಿ ನೀರುಳ್ಳಿ ಕೆಂಪಾಗಲಿ. ಮಸಾಲೆ ಹಾಕಿ ಹಸಿ ವಾಸನೆ ಹೋದಮೇಲೆ ಸಿಂಪಿಯ ಮಾಂಸ, ಸೋಸಿಟ್ಟ ನೀರು, ಎರಡು ಮುರುಗಲ ಸಿಪ್ಪೆ. ಜಜ್ಜಿದ ಜುಮ್ಮನಕಾಯಿ ನಾಲ್ಕು ಬಿದ್ದರೆ ಘಮ ಪಕ್ಕದ ಕೇರಿಗೆ ಮುಟ್ಟುತ್ತದೆ. ಚೆನ್ನಾಗಿ ಕುದಿಯಬೇಕು, ಆದರೆ ಮರೆತು ಮಾತಿಗೆ ಕೂತರೆ ಮಾಂಸ ರಬ್ಬರಾಗುತ್ತದೆ. ನೀರು ಇಂಗಿ ಮಸಾಲೆ ಮಾಂಸಕ್ಕೆ ಹತ್ತಿದಾಗ ಇಳಿಸುವುದು. ಕಗ್ಗದ ಕೆಂಪು ಅನ್ನ, ಅದರ ಗಂಜಿತಿಳಿ, ಮೇಲೆ ಒಂದು ಸೌಟು ಸುಕ್ಕ. ಉಂಡವರ ಮುಖವನ್ನು ನೀವು ನೋಡಬೇಕು ಗೆಳೆಯರೇ. ನಮ್ಮ ಜನ ಬರೀ ಹಸಿದವರು, ಬರೀ ಅಳುವವರು ಎಂದು ನಮ್ಮ ಪರವಾಗಿ ಬರೆಯುವವರೂ ಬರೆಯುತ್ತಾರೆ. ನಾವು ರುಚಿ ಬಲ್ಲವರು ಕೂಡ.

ಇನ್ನು ಉಳಿದದ್ದು ಚಿಪ್ಪು. ಕತೆ ಇರುವುದೇ ಇಲ್ಲಿ.

ಹಿತ್ತಲಿನಲ್ಲಿ ಚಿಪ್ಪಿನ ರಾಶಿ ಬೆಳೆಯುತ್ತದೆ. ಸುಣ್ಣದ ಗೂಡಿಗೆ ಅದು ಹೋಗುತ್ತದೆ. ಇದ್ದಿಲಿನ ಒಂದು ಪದರ, ಚಿಪ್ಪಿನ ಒಂದು ಪದರ, ಮತ್ತೆ ಇದ್ದಿಲು, ಮತ್ತೆ ಚಿಪ್ಪು. ಗಾಳಿ ಹೊಡೆದು ಸುಟ್ಟರೆ ಒಳಗಿನ ಅನಿಲ ಹೊರಟುಹೋಗಿ ಚಿಪ್ಪು ಸುಟ್ಟ ಸುಣ್ಣವಾಗುತ್ತದೆ. ಅದರ ಮೇಲೆ ನೀರು ಚಿಮುಕಿಸಿದರೆ ಬುಸುಬುಸು ಕುದಿದು, ಹಬೆಯೆದ್ದು, ಬೆಳ್ಳಗೆ ಹಿಟ್ಟಿನಂತೆ ಅರಳುತ್ತದೆ. ಗೂಡಿನ ಕೆಲಸದವರ ಬೆರಳ ಸಂದಿ ಸುಟ್ಟು, ಕಣ್ಣಂಚು ಕೆಂಪಾಗಿರುತ್ತದೆ. ಸಿಮೆಂಟು ಬರುವ ಮೊದಲು ಈ ಕರಾವಳಿಯ ದೊಡ್ಡ ಮನೆಗಳ ಗೋಡೆ ನಿಂತದ್ದು, ದೇವಸ್ಥಾನದ ಪೌಳಿ ಬೆಳ್ಳಗಾದದ್ದು ಈ ಸುಣ್ಣದಿಂದ. ಮದುವೆ ಮನೆಯ ವೀಳ್ಯದ ತಟ್ಟೆಯಲ್ಲಿ ಎಲೆ, ಅಡಿಕೆ, ಪಕ್ಕದಲ್ಲಿ ಬೆಳ್ಳಿಯ ಡಬ್ಬಿಯಲ್ಲಿ ಚಿಪ್ಪಿನ ಸುಣ್ಣ. ಮಡಿಯವರು ಬೆರಳ ತುದಿಯಲ್ಲಿ ತೆಗೆದು ಎಲೆಗೆ ಸವರಿ ಬಾಯಿಗೆ ಹಾಕಿಕೊಳ್ಳುತ್ತಾರೆ.

ನಮ್ಮ ಎಂಜಲು ಚಿಪ್ಪು ಸ್ವಾಮಿ ಅದು! ನಾವು ಬಾಯಿಟ್ಟು ಹೀರಿ ಬಿಸಾಡಿದ್ದು. ಬೆಂಕಿ ಶುದ್ಧಿ ಮಾಡಿತು ಅನ್ನುತ್ತೀರಾ? ಹಾಗಾದರೆ ಅದೇ ಬೆಂಕಿಯಲ್ಲಿ ಸುಟ್ಟ ಒಳಗಿನ ಮಾಂಸ ಯಾಕೆ ಶುದ್ಧವಾಗಲಿಲ್ಲ? ಗೂಡಿನ ಬೆಂಕಿಯ ಮುಂದೆ ದಿನವೆಲ್ಲ ಬೆಂದ ಮನುಷ್ಯ ಯಾಕೆ ಶುದ್ಧನಾಗಲಿಲ್ಲ? ಅವನು ಬಳಿದ ಗೋಡೆಯ ಒಳಗೆ ದೇವರಿದ್ದಾನೆ, ಬಳಿದವನು ಹೊರಗೆ ನಿಂತಿದ್ದಾನೆ. ಒಂದೇ ಪ್ರಾಣಿಯನ್ನು ಎರಡು ಹೋಳು ಮಾಡಿ, ಲಾಭದ ಹೋಳಿಗೆ ಮಡಿ ಎಂದೂ ಹಸಿವಿನ ಹೋಳಿಗೆ ಮೈಲಿಗೆ ಎಂದೂ ಹೆಸರಿಟ್ಟವರ ಜಾಣತನಕ್ಕೆ ಏನೆನ್ನಬೇಕು? ಅಂಬೇಡ್ಕರ್ ಅವರು 1948ರಲ್ಲಿ ಪ್ರಕಟಿಸಿದ ಅಸ್ಪೃಶ್ಯರ ಕುರಿತ ಗ್ರಂಥದಲ್ಲಿ ಅಸ್ಪೃಶ್ಯತೆಯ ಬೇರನ್ನು ಹುಡುಕುತ್ತ ಊಟದ ತಟ್ಟೆಯ ತನಕ ಬಂದರು. ಅವರು ಹೇಳಿದ್ದು ದನದ ಮಾಂಸದ ವಿಚಾರ. ನಮ್ಮ ಹೊಳೆದಂಡೆಯ ತಟ್ಟೆಯಲ್ಲೂ ಅದೇ ಗೆರೆ ಇದೆ.

ಈ ಗೆರೆ ಮಕ್ಕಳನ್ನು ಹೇಗೆ ಮುಟ್ಟುತ್ತದೆ ಎಂಬುದು ಮೇಷ್ಟ್ರುಗಳಾದ ನಿಮಗೆ ಗೊತ್ತಿರಬೇಕು. ಕೇರಿಯ ಒಬ್ಬಳು ಹುಡುಗಿ ಬುತ್ತಿಯಲ್ಲಿ ಅನ್ನದ ಜೊತೆ ಸುಕ್ಕ ಒಯ್ದಿದ್ದಳು. ಮುಚ್ಚಳ ತೆರೆದದ್ದೇ ತಡ, ಮಾಸ್ತರರೊಬ್ಬರು "ಯಾರದೇ ಅದು ನಾತ? ಹೊರಗೆ ಹೋಗಿ ತಿನ್ನು" ಅಂದರು. ಹುಡುಗಿ ಹೋಗಿ ಬೇಲಿಯ ಹತ್ತಿರ ಕೂತು ಉಂಡು, ಡಬ್ಬಿ ತೊಳೆದುಕೊಂಡು ಬಂದಳು. ಮರುದಿನ ಅವಳವ್ವ ಶಾಲೆಗೆ ಹೋಗಿ ಕೇಳಿದ್ದು ಇಷ್ಟೇ: "ಮಾಸ್ತರ್ರೇ, ನೀವು ಕವಳ ಹಾಕ್ತ್ರಿ ಅಲ್ದಾ? ಅದಕ್ಕೆ ಹಚ್ಚೂ ಸುಣ್ಣ ಎಂತದ್ದು ಹೇಳಿ ಕಾಂಬ." ಮಾಸ್ತರರಿಗೆ ಉತ್ತರ ಬರಲಿಲ್ಲ, ಬಾಯಲ್ಲಿ ಕವಳ ಇತ್ತು. ಇದು ನಗುವ ಮಾತು ಹೌದು, ಆದರೆ ಆ ಹುಡುಗಿ ಆಮೇಲೆ ಶಾಲೆ ಮುಗಿಸುವ ತನಕ ಬುತ್ತಿಗೆ ಉಪ್ಪಿನಕಾಯಿ ಬಿಟ್ಟು ಬೇರೆ ಒಯ್ಯಲಿಲ್ಲ. 2021ರ ಡಿಸೆಂಬರಿನಲ್ಲಿ ಬೀದರ, ಕಲಬುರಗಿ, ರಾಯಚೂರು, ಯಾದಗಿರಿ ಮುಂತಾದ ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ಬೀದಿಗಿಳಿದು ವಿರೋಧಿಸಿದರಲ್ಲ, ಆಗ ನಮಗೆ ನೆನಪಾದದ್ದು ಆ ಬೇಲಿ. ಸಿಂಪಿಯ ಮಾಂಸದಲ್ಲಿ ಕಬ್ಬಿಣವಿದೆ, ಪ್ರೋಟೀನಿದೆ, ಬಿ12 ಜೀವಸತ್ವವಿದೆ. ಸತುವಿನ ಅಂಶದಲ್ಲಂತೂ ಅದನ್ನು ಮೀರಿಸುವ ಆಹಾರ ಸಿಗುವುದು ಕಷ್ಟ. ರಕ್ತ ಕಡಿಮೆ ಎಂದು ಮಾತ್ರೆ ಬರೆಸಿಕೊಳ್ಳುವ ಬಸುರಿಯರ ಊರಿನಲ್ಲಿ ಇದನ್ನು ನಾತ ಎಂದು ಕಲಿಸುವ ಪಾಠ ಯಾವ ವಿಜ್ಞಾನ?

ಇದೇ ಸಿಂಪಿ ಪಂಚತಾರಾ ಹೋಟೆಲಿನಲ್ಲಿ ಮಂಜುಗಡ್ಡೆಯ ಮೇಲೆ ಕೂತು ನಿಂಬೆಹೋಳಿನ ಜೊತೆ ಬಂದರೆ ನಾತವಿಲ್ಲ. ಅಲ್ಲಿ ಆರು ಚಿಪ್ಪಿಗೆ ಕೊಡುವ ದುಡ್ಡಿಗೆ ಇಲ್ಲಿ ಗೋಣಿಗಟ್ಟಲೆ ಬರುತ್ತದೆ. ಹಾಗೆ ನೋಡಿದರೆ ದೊಡ್ಡವರ ಮೆಚ್ಚುಗೆಯೂ ಅಂಜಿಕೆಯ ಮಾತೇ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಸಿಂಪಿ ಕೂಲಿಕಾರರ ಅಗ್ಗದ ತಿಂಡಿಯಾಗಿತ್ತು. ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಬರೆದ ಕಾದಂಬರಿಯ ಒಬ್ಬ ಆಳು, ಬಡತನ ಇದ್ದಲ್ಲೆಲ್ಲ ಸಿಂಪಿ ಅಂಗಡಿ ಇರುವುದನ್ನು ಎತ್ತಿ ಹೇಳುತ್ತಾನೆ. ಆಮೇಲೆ ಲೆಕ್ಕವಿಲ್ಲದೆ ಬಾಚಿದರು, ಹೊಳೆಗೆ ಊರಿನ ಹೇಲುನೀರು ಬಿಟ್ಟರು, ಸಿಂಪಿ ಕಡಿಮೆಯಾಯಿತು, ಕಡಿಮೆಯಾದದ್ದು ತುಟ್ಟಿಯಾಯಿತು, ತುಟ್ಟಿಯಾದದ್ದು ಬಡವನ ಕೈಬಿಟ್ಟಿತು. 1902ರಲ್ಲಿ ವಿಂಚೆಸ್ಟರ್, ಸೌತಾಂಪ್ಟನ್ ಊರುಗಳ ಪುರಪ್ರಮುಖರ ಔತಣದಲ್ಲಿ ಸಿಂಪಿ ತಿಂದ ಹಲವರಿಗೆ ಟೈಫಾಯಿಡ್ ಬಂದು ಕೆಲವರು ಸತ್ತರು. ಎಮ್ಸ್‌ವರ್ತ್ ಎಂಬ ಊರಿನ ಚರಂಡಿ ಸಿಂಪಿಯ ಹಾಸಿನ ಮೇಲೇ ಬೀಳುತ್ತಿತ್ತು. ಅಲ್ಲಿ ಹೊಟ್ಟೆಪಾಡು ಕಳೆದುಕೊಂಡವರು ಔತಣದವರಲ್ಲ, ಸಿಂಪಿ ತೆಗೆಯುವವರು.

ಸಿಂಪಿ ನಿಂತಲ್ಲೇ ನಿಂತು, ತಾಸಿಗೆ ಎಷ್ಟೋ ಲೀಟರ್ ನೀರನ್ನು ಒಳಗೆ ಎಳೆದು ಸೋಸಿ ಹೊರಗೆ ಬಿಡುತ್ತದೆ. ನೀರಿನಲ್ಲಿದ್ದ ಪಾಚಿ ಅದರ ಊಟ. ಪಾಚಿಯ ಜೊತೆ ರೋಗದ ಕ್ರಿಮಿ, ಕಾರ್ಖಾನೆಯ ಲೋಹ ಇದ್ದರೆ ಅವೂ ಅದರ ಮೈಯಲ್ಲಿ ಕೂರುತ್ತವೆ. ಊರಿನ ಕೊಳೆಯನ್ನು ಸೋಸಿ ತಾನು ಹೊಲೆಯಾಗುವ ಜೀವ! ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಹಸಿ ತಿನ್ನುವ ಷೋಕಿ ನಮ್ಮಲ್ಲಿಲ್ಲ, ಅದಕ್ಕೆ ಇದೇ ಕಾರಣ. ಆದರೆ ಕುದಿಸಿದರೆ ಕ್ರಿಮಿ ಸಾಯುತ್ತದೆ, ಲೋಹ ಸಾಯುವುದಿಲ್ಲ.

ಅದಕ್ಕೇ ಹೊಳೆಯ ಪ್ರಶ್ನೆ ನಮಗೆ ಊಟದ ಪ್ರಶ್ನೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಘಟ್ಟದಿಂದ ಕಡಲಿಗೆ ಬಿಡುಬೀಸಾಗಿ ಬರುತ್ತಾಳೆ. 2006ರ ಹೊತ್ತಿಗೆ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಮಾತು ಬಂತು. ಜನ ಎದ್ದರು, ಸ್ಥಾವರ ಬರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬಂದು ಲೆಕ್ಕ ಹಾಕಿದಾಗ ಈ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪಿಕಲ್ಲು ಸಿಗುತ್ತಿತ್ತು, ಎರಡು ಸಾವಿರಕ್ಕೂ ಮಿಕ್ಕಿದ ಜನ ಅದರಿಂದ ದುಡಿಯುತ್ತಿದ್ದರು. ಹೆಚ್ಚಿನದು ಬಳಚು, ಸಿಂಪಿಯ ಪಾಲು ಸಣ್ಣದು. ಅಲ್ಲಿಯ ತನಕ ಯಾವ ಸರ್ಕಾರಿ ಕಡತದಲ್ಲೂ ನಾವು ದುಡಿಯುವವರಾಗಿರಲಿಲ್ಲ. ಕೆಸರಿನಲ್ಲಿ ಆಡುವವರಾಗಿದ್ದೆವು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟ ಬಂತು. 4,801 ಹೆಕ್ಟೇರು. ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಯಲ್ಲಿ ಹೆಸರು. ಸಂತೋಷವೇ. ರಾಮ್ಸಾರ್ ಒಪ್ಪಂದ ಜಾಣತನದ ಬಳಕೆ ಎನ್ನುತ್ತದೆಯೇ ಹೊರತು ಜನ ಇಳಿಯಬಾರದು ಎನ್ನುವುದಿಲ್ಲ. ಆದರೆ ಕಾಗದದ ಮಾತು ಕೆಸರಿಗೆ ಬರುವಷ್ಟರಲ್ಲಿ ಏನಾಗುತ್ತದೆಂದು ಕಾಡಿನ ದಂಡೆಯ ನಮ್ಮ ಬಂಧುಗಳನ್ನು ಕೇಳಿದರೆ ಹೇಳುತ್ತಾರೆ. ನಾಳೆ ಒಂದು ಸಮಿತಿ ಆಗುತ್ತದೆ. ಅದರಲ್ಲಿ ಪಕ್ಷಿ ಬಲ್ಲವರು, ಪ್ರವಾಸೋದ್ಯಮ ಬಲ್ಲವರು, ಬಂದರು ಬಲ್ಲವರು ಇರುತ್ತಾರೆ. ಯಾವ ಕಲ್ಲಿನ ಸಿಂಪಿ ಯಾವ ತಿಂಗಳು ತುಂಬುತ್ತದೆ, ಎಲ್ಲಿ ನೀರಿನ ಬಣ್ಣ ಬದಲಾಗಿದೆ, ಯಾವ ಮೂಲೆಯಲ್ಲಿ ಬಳಚು ಕಾಣೆಯಾಗಿದೆ ಎಂದು ಬಲ್ಲ ದೊಡ್ಡವ್ವನಿಗೆ ಕುರ್ಚಿ ಹಾಕುತ್ತಾರೋ? ಅರ್ಜಿ ಬರೆದಿದ್ದೇವೆ. ಹೊಳೆದಂಡೆಯ ಊರುಗಳಲ್ಲಿ ಸಹಿ ಮಾಡಿಸುತ್ತಿದ್ದೇವೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದಾರೆ. ಸಿಂಪಿ ಒಡೆದು ಗೆರೆ ಸವೆದ ಹೆಬ್ಬೆಟ್ಟು, ಶಾಯಿಯಲ್ಲಿ ಸರಿಯಾಗಿ ಮೂಡುವುದಿಲ್ಲ. ಹಾಗೇ ಕಳಿಸುತ್ತೇವೆ.

ಈ ಸಲದ ಅಮಾಸೆಗೆ ಹೊರಗಿನಿಂದ ಕೆಲವು ವಿದ್ಯಾರ್ಥಿಗಳು ಬರುತ್ತೇವೆ ಎಂದಿದ್ದಾರೆ. ಬರಲಿ. ನಸುಕಿಗೇ ಬರಬೇಕು, ನೀರು ಯಾರಿಗೂ ಕಾಯುವುದಿಲ್ಲ. ಚಪ್ಪಲಿ ಬಿಟ್ಟು ಗಟ್ಟಿ ಬೂಟು ಹಾಕಿಕೊಂಡು, ಕೈಗೆ ಸುತ್ತಿಕೊಳ್ಳಲು ಒಂದು ಹಳೆ ಬಟ್ಟೆ ತಂದರೆ ಸಾಕು. ಕತ್ತಿ ನಮ್ಮಲ್ಲಿದೆ, ಕಗ್ಗದ ಅಕ್ಕಿಯೂ ಇಬ್ಬರಿಬ್ಬರಿಗೆ ಆಗುವಷ್ಟಿದೆ.